ನೀರಿಗಿಟ್ಟ ಎಂಟು ಗಾಜು

ಗುರುಸಿದ್ದವ್ವ ದಿನಾ ಬೆಳಿಗ್ಗೆ ಮೈತೊಳೆದುಕೊಂಡು ಬಂದವಳೇ ಮೊದಲು ಮಾಡುತ್ತಿದ್ದ ಕೆಲಸ ದೇವರ ಪಟಗಳ ಗಾಜು ಒರೆಸುವುದು. ಹಿಂದಿನ ದಿನ ಹಚ್ಚಿದ ವಿಭೂತಿ ಒಣಗಿ ಗಾಜಿನ ಮೇಲೆ ಬೆಳ್ಳಗೆ ನಿಂತಿರುತ್ತಿತ್ತು. ಹಸಿ ಅರಿವೆಯಿಂದ ಅದನ್ನು ತೆಗೆದು, ಒಣ ಅರಿವೆಯಿಂದ ಮತ್ತೊಮ್ಮೆ ಉಜ್ಜಿ, ಬಸವಣ್ಣನ ಮುಖ ನಿಚ್ಚಳವಾಗಿ ಕಂಡ ಮೇಲೆಯೇ ಆಕೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂಡುತ್ತಿದ್ದಳು. ಇಳಕಲ್ಲಿನ ತನ್ನ ಮನೆಯಲ್ಲಿ ಐದು ಪಟ, ಬಾಗಲಕೋಟೆಯ ಸೋದರತ್ತೆಯ ಮನೆಯಲ್ಲಿ ಏಳು. ಜ್ವರ ಬಂದರೂ, ಬಸ್ಸು ತಪ್ಪುವಂತಿದ್ದರೂ ಈ ಕೆಲಸ ತಪ್ಪಿದ್ದಿಲ್ಲ. ಹಬ್ಬದ ಹಿಂದಿನ ದಿನವಂತೂ ಕಟ್ಟು ಬಿಚ್ಚಿ, ಗಾಜುಗಳನ್ನು ಹೊರಗೆ ತೆಗೆದು, ಹಿತ್ತಾಳೆಯ ಪರಾತಿನಲ್ಲಿ ನೀರಿಗೆ ಹಾಕಿ ನೆನೆಸಿ ತೊಳೆಯುತ್ತಿದ್ದಳು.

“ದೇವರ ಮೋತಿ ತೊಳದು ತೊಳದು ಅವಗ ನೆಗಡಿ ಬರತೈತಿ ನೋಡು,” ಎಂದು ಸೋದರತ್ತೆ ಶಿವಲಿಂಗವ್ವ ಚಾಷ್ಟಿ ಮಾಡುವರು.

“ಬಂದರ ನಾನ ಕಷಾಯ ಮಾಡಿ ಕೊಡ್ತೇನಿ ಬಿಡತ್ತಿ,” ಎನ್ನುವಳು ಗುರುಸಿದ್ದವ್ವ.

ಆಗ ಸಾವಿರದ ಒಂಬೈನೂರ ಎಂಬತ್ತೆರಡು. ಆಕೆಗೆ ಇಪ್ಪತ್ತು ವರ್ಷ. ಬಾಗಲಕೋಟೆಯ ಒಂದು ಚಿತ್ರಕಲಾ ಶಾಲೆಯಲ್ಲಿ ಜಾಹೀರಾತು ಕಲೆಯ ಎರಡು ವರ್ಷದ ಡಿಪ್ಲೊಮಾಕ್ಕೆ ಸೇರಿ ಒಂದು ವರ್ಷ ಮುಗಿಸಿದ್ದಳು. ಇಡೀ ತರಗತಿಗೆ ಆಕೆಯೊಬ್ಬಳೇ ಹೆಣ್ಣುಮಗಳು. ತಂದೆ ಕಾಶಪ್ಪ ಇಳಕಲ್ಲಿನಲ್ಲಿ ಸೀರೆ ನೇಯುವವರು. ಮಗಳನ್ನು ಕಳಿಸುವಾಗ ಅವರು ಹೇಳಿದ್ದು ಒಂದೇ ಮಾತು: “ಎರಡು ವರ್ಷ. ಮುಂದ ಒಂದು ದಿನಾನೂ ಇಲ್ಲ. ನಿಮ್ಮವ್ವನ ರಟ್ಟಿ ಹೋಗ್ಯಾವ, ನೂಲು ಸುತ್ತಿ ಕೊಡೋರು ಯಾರೂ ಇಲ್ಲ.” ಆದರೆ ಆ ಮಾತಿಗೆ ಒಂದು ಸಂದಿಯೂ ಇತ್ತು. ಪಾಸಾಗಿ ಬಾಗಲಕೋಟೆಯಲ್ಲೇ ಕೆಲಸ ಸಿಕ್ಕರೆ ಮಾಡಲಿ, ಆಗ ನೂಲು ಸುತ್ತಲು ಬೇರೆಯವರನ್ನು ನೋಡಿದರಾಯಿತು ಎಂದು ಅವರು ಹೆಂಡತಿಯೆದುರು ಅಂದಿದ್ದರು. ಅಂದಪ್ಪ ಎನ್ನುವವರ ಛಾಪಖಾನೆಯಲ್ಲಿ ಲಗ್ನಪತ್ರಿಕೆ, ಅಂಗಡಿಯ ಚೀಟಿಗಳಿಗೆ ಚಿತ್ರ ಬರೆಯುವವರು ಬೇಕಾಗಿದ್ದರು. ಮಾರ್ಚಿನಲ್ಲಿ ಪಾಸಾಗಿ ಬಂದರೆ ತೆಗೆದುಕೊಳ್ಳುತ್ತೇನೆಂದು ಅವರು ಮಾತು ಕೊಟ್ಟಿದ್ದರು.

ಮೊದಲ ವರ್ಷ ಆಕೆ ಮಾಡಿದ ಕೆಲಸಗಳು ಹಲವು. ಉಪ್ಪಿನಕಾಯಿ ಭರಣಿಗೆ ಚೀಟಿ, ಊದಿನಕಡ್ಡಿಯ ಪೊಟ್ಟಣ, ಸಿಡುಬಿನ ಲಸಿಕೆಯ ಹಳೆಯ ಭಿತ್ತಿಪತ್ರವನ್ನು ಹೊಸದಾಗಿ ಬರೆದದ್ದು. ಗೆರೆ ಶುದ್ಧ, ಬಣ್ಣ ಶುದ್ಧ. ಆದರೂ ಅಧ್ಯಾಪಕ ಸಂಗಯ್ಯನವರು ಅವನ್ನು ಒಂದೊಂದಾಗಿ ತಿರುವಿ ಹಾಕಿ ಕೇಳಿದ್ದರು: “ಎಲ್ಲಾ ಮುಂಬಯಿ ವಾರಪತ್ರಿಕಿ ನೋಡಿ ಬರದಂಗ ಐತಿ. ಇದರಾಗ ಇಳಕಲ್ಲ ಎಲ್ಲೈತಿ? ನೀ ಎಲ್ಲಿದಿ?”

ಖರೆ ಹೇಳಬೇಕೆಂದರೆ ಆಕೆ ವಾರಪತ್ರಿಕೆ ನೋಡಿಯೇ ಬರೆದಿದ್ದಳು.

ಎರಡನೆಯ ವರ್ಷದ ಮುಖ್ಯ ಕೆಲಸವನ್ನು ಸಂಗಯ್ಯನವರೇ ಗೊತ್ತುಮಾಡಿದರು. ನಮ್ಮ ಭಾಗದ ಹಳೆಯ ಜಾಹೀರಾತು ಕಲೆಯನ್ನು ಹುಡುಕಿ ತರಬೇಕು. ಕಡಿಮೆಯೆಂದರೂ ಇಪ್ಪತ್ತು ವರ್ಷ ಹಳೆಯದಾದ ಇಪ್ಪತ್ತೈದು ನಮೂನೆ. ನಕಲು ನಡೆಯುವುದಿಲ್ಲ, ಫೋಟೋ ನಡೆಯುವುದಿಲ್ಲ, ಮೂಲವೇ ಬೇಕು. ಪ್ರತಿಯೊಂದರ ಕೆಳಗೂ ಅದು ಎಲ್ಲಿಯದು, ಯಾರ ಕೈಯದು ಎಂದು ಬರೆದ ಚೀಟಿ ಇರಬೇಕು. ಹುಡುಗರು ಕಿರಾಣಿ ಅಂಗಡಿಗಳಿಗೆ ನುಗ್ಗಿ ಹಳೆಯ ಕ್ಯಾಲೆಂಡರು, ಸಾಬೂನಿನ ಹೊದಿಕೆ, ತಂಬಾಕಿನ ಚೀಟಿ ಕಿತ್ತು ತಂದರು. ಗುರುಸಿದ್ದವ್ವನಿಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ. ಇಳಕಲ್ಲಿಗೆ ಹೋಗುವ ಬಸ್ಸು ಅಲ್ಲಿ ಕಾಲು ತಾಸು ನಿಲ್ಲುತ್ತಿತ್ತು. ಕಿಟಕಿಯಿಂದ ಎದುರಿನ ಸೈಕಲ್ ಅಂಗಡಿಯ ಫಲಕ ನೋಡುತ್ತಿದ್ದ ಆಕೆ ಥಟ್ಟನೆ ಎದ್ದು ಕೆಳಗಿಳಿದಳು. ‘ಸೈಕಲ್ ಬಾಡಿಗೆಗೆ ಕೊಡಲಾಗುವದು’ ಎಂಬ ಸಾದಾ ಬರಹ. ಆದರೆ ಪ್ರತಿ ಅಕ್ಷರದ ಬಾಲವೂ ಬಳ್ಳಿಯ ಕುಡಿಯಂತೆ ಒಳಕ್ಕೆ ಸುತ್ತಿಕೊಂಡಿತ್ತು. ಸುತ್ತಲಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಸಾಲು. ಅದು ಗೋಮಿ ದಡಿ, ಇಳಕಲ್ ಸೀರೆಯ ಅಂಚು. ಅಪ್ಪ ಮಗ್ಗದ ಮೇಲೆ ಸೀರೆಗೆ ನೇಯುವ ಅದೇ ದಡಿ ಇಲ್ಲಿ ತಗಡಿನ ಮೇಲೆ ಕೂತಿತ್ತು.

“ಇದನ್ನ ಯಾರು ಬರದಾರ್ರಿ?” ಎಂದು ಕೇಳಿದಳು.

ಅಂಗಡಿಯವ ಪಂಕ್ಚರು ಹಚ್ಚುತ್ತಲೇ ಗದ್ದದಿಂದ ಓಣಿಯ ಕಡೆ ತೋರಿಸಿದ. “ಹುಸೇನಪೀರ ಅಂತ. ಸಿನೆಮಾದ ಮುದುಕ ಅಂದರ ಕೂಸೂ ಹೇಳತೈತಿ.”

ಬಸ್ಸು ಆಕೆಯನ್ನು ಬಿಟ್ಟು ಹೋಯಿತು.

ಹುಸೇನಪೀರ ಎಪ್ಪತ್ತು ದಾಟಿದ ಮನುಷ್ಯ. ಕಣ್ಣಿನಲ್ಲಿ ಪೊರೆ ಬಂದಿತ್ತು, ಬಲಗೈ ನಡುಗುತ್ತಿತ್ತು. ಹಿಂದೆ ಊರಿಂದೂರಿಗೆ ಡೇರೆ ಹೊಡೆದು ಸಿನೆಮಾ ತೋರಿಸುತ್ತಿದ್ದ ಒಂದು ಕಂಪನಿಯಲ್ಲಿ ಅವರು ಹದಿನೆಂಟು ವರ್ಷ ಸ್ಲೈಡು ಬರೆದಿದ್ದರು. ಅಂಗೈಯಗಲದ ಗಾಜಿನ ಮೇಲೆ ಕೈಯಿಂದ ಬರೆದ ಜಾಹೀರಾತು. ಆಟದ ನಡುವಿನ ಬಿಡುವಿನಲ್ಲಿ ಅದನ್ನು ಯಂತ್ರಕ್ಕೆ ಸೇರಿಸಿದರೆ ಪರದೆಯ ತುಂಬ ದೊಡ್ಡದಾಗಿ ಕಾಣುವುದು. ಡೇರೆ ಮುಚ್ಚಿದಾಗ ಉಳಿದ ಗಾಜುಗಳನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಟ್ಟು ಮನೆಗೆ ತಂದಿದ್ದರು. ಅದಾಗಿ ಇಪ್ಪತ್ತೊಂದು ವರ್ಷ.

ಗುರುಸಿದ್ದವ್ವ ಒಂದೊಂದನ್ನೇ ಬೆಳಕಿಂಡಿಗೆ ಹಿಡಿದು ನೋಡಿದಳು. ‘ಕೂಸು ಅತ್ತರೆ ಹೊರಗೆ ಕರಕೊಂಡು ಹೋಗಿರಿ.’ ‘ಹೆಣ್ಣುಮಕ್ಕಳ ಕಡೆ ಗಂಡಸರು ಕೂಡಬಾರದು.’ ‘ಬೆಳ್ಳಿ ಉಡದಾರ ಸಿಕ್ಕಿದೆ, ಗುರುತು ಹೇಳಿ ಗೇಟಿನಲ್ಲಿ ಒಯ್ಯಿರಿ.’ ಬಟ್ಟೆಯಂಗಡಿ, ಬಳೆಯಂಗಡಿ, ಹಲ್ಲುಪುಡಿ. ಕಪ್ಪು ಬಳಿದ ಗಾಜಿನಿಂದ ಅಕ್ಷರಗಳು ಬೆಳ್ಳಗೆ, ಕೆಂಪಗೆ, ಹಳದಿಯಾಗಿ ಹೊಳೆಯುತ್ತಿದ್ದವು.

“ಅಜ್ಜಾರ, ಒಂದೊಂದಕ್ಕ ಒಂದೊಂದು ನಮೂನಿ ಅಂಚು ಐತಲ್ರಿ. ಯಾಕ?”

ಮುದುಕರ ಮುಖ ಅರಳಿತು. ಅವರನ್ನು ಈ ಪ್ರಶ್ನೆ ಯಾರೂ ಕೇಳಿದ್ದೇ ಇಲ್ಲ. “ಇಳಕಲ್ಲದಾಗ ಡೇರೆ ಇದ್ದಾಗ ಸೀರಿ ದಡಿ ಹಾಕ್ತಿದ್ದೆ. ಗುಳೇದಗುಡ್ಡಕ್ಕ ಹೋದರ ಕುಬಸದ ಖಣದ ಹೂವು. ಬಾದಾಮಿಯೊಳಗ ಗವಿ ಕಂಬದ ಮ್ಯಾಲಿನ ಬಳ್ಳಿ. ಮಂದಿ ನೋಡಿದ ಕೂಡಲೆ, ‘ಅರೆ, ಇದು ನಮ್ಮದು’ ಅಂತಿದ್ದರು. ಓದಾಕ ಬರದವರೂ ಅಂಚು ಓದ್ತಿದ್ದರವ್ವ.”

“ಕತಿ ಸಾಕು, ಆ ಹುಡಿಗಿಗೆ ಚಾ ಕುಡೀಲಿಕ್ಕರ ಬಿಡ್ರಿ,” ಎಂದು ಒಳಗಿನಿಂದ ಹೆಂಡತಿ ಕಾಸಿಂಬಿ ಕಪ್ಪು-ಬಸಿ ತಂದಿಟ್ಟರು. “ನನ್ನ ಲಗ್ನ ಆದ ವರ್ಷ ಕೇಳು, ಹೇಳಾಕ ಬರೂದಿಲ್ಲ. ಯಾವ ಊರಾಗ ಯಾವ ಅಂಚು ಕೇಳು, ನಿದ್ದಿಯೊಳಗೂ ಹೇಳ್ತಾರ.”

ಆ ಚಳಿಗಾಲವೆಲ್ಲ ಗುರುಸಿದ್ದವ್ವ ಹೋಗುತ್ತಾ ಬರುತ್ತಾ ಹುನಗುಂದದಲ್ಲಿ ಇಳಿದಳು. ಬಾದಾಮಿಗೆ ಹೋಗಿ ಗವಿಯ ಕಂಬದ ಬಳ್ಳಿಯನ್ನು ಕಾಗದದ ಮೇಲೆ ಇಳಿಸಿಕೊಂಡು ಬಂದು ಗಾಜಿನ ಜೊತೆ ಹೋಲಿಸಿದಳು. ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಹಳೆಯ ಖಣ ನೋಡಿ ಹೂವಿನ ಎಸಳು ಎಣಿಸಿದಳು. ಇಷ್ಟು ದಿನ ಆಕೆ ಹೊಸದೆಂದು ಬರೆದದ್ದು ಯಾರದೋ ಹಳೆಯದು. ಈ ಹಳೆಯದರಲ್ಲಿ ಆಕೆಗೆ ತನ್ನ ಮನೆಯ ಪಡಸಾಲೆ ಕಂಡಿತು. ಒಡೆದವನ್ನು ಬಿಟ್ಟರೆ ಪೆಟ್ಟಿಗೆಯಲ್ಲಿ ಸರಿಯಾಗಿ ಇಪ್ಪತ್ತೈದು ಗಾಜು. ಫೆಬ್ರುವರಿಯಲ್ಲಿ ಹುಸೇನಪೀರರು ಪೆಟ್ಟಿಗೆಯನ್ನು ಆಕೆಯ ಮಡಿಲಲ್ಲಿಟ್ಟರು.

“ಪರೀಕ್ಷಾ ಮುಗಿಸಿ ತಂದು ಕೊಡು. ಒಡಿಬ್ಯಾಡ ಅಷ್ಟ. ಗಾಜು ಐತಿ, ಒಡದೀತು.”

ಒಡೆಯಬೇಡ ಎಂದರೇ ಹೊರತು ಮತ್ತೇನನ್ನೂ ಅವರು ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ತೋಚಲೂ ಇಲ್ಲ.

ಬಾಗಲಕೋಟೆಗೆ ತಂದ ಮೇಲೆ ಗಾಜುಗಳನ್ನು ಹೊರಗಿನ ಬೆಳಕಿನಲ್ಲಿ ನೋಡಿದಳು. ಹುಲ್ಲಿನ ಧೂಳು, ಜೇಡರ ಬಲೆ, ಬೂಷ್ಟು. ಶಿವರಾತ್ರಿ ಹತ್ತಿರ ಬಂದಿತ್ತು. ಪಟಗಳ ಗಾಜು ತೊಳೆಯುವ ದಿನ. ಅವುಗಳ ಜೊತೆಗೇ ಇವನ್ನೂ ತೊಳೆದರಾಯಿತೆಂದು ಪರಾತಿನಲ್ಲಿ ಹಿಡಿಯುವಷ್ಟು, ಎಂಟು ಗಾಜುಗಳನ್ನು, ಉಗುರುಬೆಚ್ಚಗಿನ ನೀರಿಗಿಟ್ಟಳು. ದೇವರ ಪಟದಲ್ಲಿ ಚಿತ್ರ ಗಾಜಿನ ಹಿಂದಿರುತ್ತದೆ. ಗಾಜು ತೊಳೆದರೆ ಚಿತ್ರಕ್ಕೆ ಏನಾಗುತ್ತದೆ? ಹುಟ್ಟಿದಾಗಿನಿಂದ ಗಾಜು ತೊಳೆದ ಆಕೆಯ ಕೈಗೆ ಬೇರೆ ವಿಚಾರ ಬರಲಿಲ್ಲ. ಪರಾತನ್ನು ಹಿತ್ತಲ ಕಟ್ಟೆಯ ಮೇಲಿಟ್ಟು ಪೂಜೆಗೆ ಕೂತಳು. ಪೂಜೆಯ ನಡುವೆ ಏಳುವ ರೂಢಿ ಆಕೆಗಿರಲಿಲ್ಲ.

ಎದ್ದು ಬಂದಾಗ ಪರಾತಿನ ನೀರು ಮಸಿಯಾಗಿತ್ತು. ಒಂದು ಮೂಲೆಯಲ್ಲಿ ಕೆಂಪು, ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕೈ ಹಾಕಿ ಒಂದು ಗಾಜು ಎತ್ತಿದಳು. ಆಚೆಗಿನ ಬೇವಿನ ಗಿಡ ಸ್ವಚ್ಛವಾಗಿ ಕಂಡಿತು. ಎರಡನೆಯದರಲ್ಲೂ ಬೇವಿನ ಗಿಡ. ಎಂಟರಲ್ಲೂ.

ಶಿವಲಿಂಗವ್ವ ಹೊರಗೆ ಬಂದಾಗ ಸೋದರಸೊಸೆ ಪರಾತಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನೀರನ್ನು ಚೆಲ್ಲಲು ಬಿಡಲೂ ಇಲ್ಲ.

ಮರುದಿನ ಸಂಗಯ್ಯನವರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹದಿನೇಳು ಉಳದಾವ. ಇಪ್ಪತ್ತೈದು ಅಂದರ ಇಪ್ಪತ್ತೈದು. ನಿಯಮ ನಾ ಮಾಡೀನಿ, ನಾನ ಮುರದರ ಉಳದ ಹುಡುಗರಿಗೆ ಏನು ಹೇಳಲಿ? ಇನ್ನೂ ನಾಕು ವಾರ ಐತಿ. ಹುಡುಕು. ಅದಕ್ಕಿಂತ ಮೊದಲು ಆ ಹಿರ್ಯಾರಿಗೆ ಹೋಗಿ ಹೇಳು.”

ಎಂಟು ಖಾಲಿ ಗಾಜುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹುನಗುಂದಕ್ಕೆ ಹೋದಳು. ಗಂಟು ಬಿಚ್ಚಿ ಅವರ ಮುಂದಿಟ್ಟು, “ನೀರಾಗ ಇಟ್ಟೆನ್ರಿ ಅಜ್ಜಾರ,” ಎಂದಳು.

ಹುಸೇನಪೀರರು ಒಂದು ಗಾಜು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದರು. ಕಣ್ಣಿಗೆ ಹತ್ತಿರ ತಂದರು. “ಭಾಳ ಸ್ವಚ್ಛ ತೊಳದೀ. ನಾ ಸುದ್ದಾ ಇಷ್ಟು ಸ್ವಚ್ಛ ತೊಳೀತಿದ್ದಿಲ್ಲ,” ಎಂದರು.

ಗುರುಸಿದ್ದವ್ವನಿಗೆ ಅದು ಬೈಗುಳವೋ ಏನೋ ತಿಳಿಯಲಿಲ್ಲ.

“ಜಾಲಿ ಅಂಟಿನ್ಯಾಗ ದೀಪದ ಕಾಡಿಗಿ ಕಲಸಿ ಬಳದದ್ದು ಅದು. ನೀರು ತಾಗಿದರ ಹೋಗಲಿ ಅಂತನ ಹಾಂಗ ಮಾಡ್ತಿದ್ದೆ. ಒಂದು ಅಂಗಡಿದು ಮುಗೀತು ಅಂದರ ತೊಳದು, ಅದ ಗಾಜಿನ ಮ್ಯಾಲೆ ಇನ್ನೊಂದು. ಹದಿನೆಂಟು ವರ್ಷದಾಗ ನನ್ನ ಕೈಲೆ ನಾ ತೊಳದದ್ದಕ್ಕ ಲೆಕ್ಕ ಇಲ್ಲ. ನಿನಗ ಹೇಳಬೇಕಾಗಿತ್ತು. ತಪ್ಪು ನಂದೂ ಐತಿ.” ಗಾಜನ್ನು ಗಂಟಿನಲ್ಲಿಟ್ಟು ಕೇಳಿದರು: “ಯಾವ ಎಂಟು?”

ಆಕೆ ಹೇಳುತ್ತ ಹೋದಳು. ‘ಕೂಸು ಅತ್ತರೆ’ ಎಂದದ್ದೇ ತಡ, ರೊಟ್ಟಿ ಬಡಿಯುತ್ತಿದ್ದ ಕಾಸಿಂಬಿಯ ಕೈ ನಿಂತಿತು.

“ಅದು ಹೋತ?”

“ಹೌದ್ರಿ ಅಜ್ಜಿ.”

“ಅದರಾಗ ಕೂಸಿನ ಎತಗೊಂಡು ನಿಂತಾಕಿ ನಾ ಇದ್ದೆ.” ಕಾಸಿಂಬಿ ಎರಡು ಬಡಿತ ಬಡಿದು ಮತ್ತೆ ನಿಲ್ಲಿಸಿದರು. “ಮೂಗು ಇಷ್ಟುದ್ದ ತಗದಿದ್ದರು. ಇಡೀ ಡೇರೆ ಗುರುತು ಹಿಡದು ನಕ್ಕಿತ್ತು. ಒಂದು ತಿಂಗಳು ಇವರ ಕೂಡ ಮಾತು ಬಿಟ್ಟಿದ್ದೆ. ಹೋಗಲಿ ಬಿಡವ್ವ, ಮೂಗಿನ ಪೀಡಾ ಹೋತು.” ನಕ್ಕರು. ಆದರೆ ಆ ರೊಟ್ಟಿ ಹೆಂಚಿನ ಮೇಲೆ ಹೊತ್ತಿತು. ಅವರ ಮನೆಯಲ್ಲಿ ರೊಟ್ಟಿ ಹೊತ್ತಿದ್ದನ್ನು ಗುರುಸಿದ್ದವ್ವ ಅದೊಂದೇ ಸಲ ನೋಡಿದ್ದು.

ಆಗಲೇ ಆಕೆ ಹೇಳಿದಳು: “ನೀವು ಹೇಳ್ರಿ ಅಜ್ಜಾರ, ನಾ ಬರೀತೇನಿ. ಪರೀಕ್ಷಾಕ್ಕಲ್ಲ. ನಿಮ್ಮ ಪೆಟಿಗಿ ತುಂಬಿ ಕೊಡಾಕ.”

ಮೂರು ರವಿವಾರ ಆಕೆ ಬೆಳಗಿನ ಬಸ್ಸಿಗೆ ಬಂದು ಇಳಿಹೊತ್ತಿನ ಬಸ್ಸಿಗೆ ಹೋದಳು. ಔಡಲೆಣ್ಣೆಯ ದೀಪಕ್ಕೆ ತಾಟು ಹಿಡಿದು ಕಾಡಿಗೆ ಕೂಡಿಸಿದರು. ಅಂಟು ಎಷ್ಟು, ನೀರು ಎಷ್ಟು ಎಂದು ಮುದುಕರು ನಾಲಿಗೆಗೆ ಹಚ್ಚಿ ನೋಡಿ ಹೇಳಿದರು. ಗಾಜಿಗೆ ಕಪ್ಪು ಬಳಿದು ಒಣಗಿಸಿ, ಬಿದಿರಿನ ಕಡ್ಡಿಗೆ ಕಟ್ಟಿದ ಸೂಜಿಯಿಂದ ಗೀರಬೇಕು. ಗೀರಿದಲ್ಲಿ ಬೆಳಕು ಬರುತ್ತದೆ; ಅಲ್ಲಿ ಬಣ್ಣದ ಶಾಯಿ ತುಂಬಬೇಕು. ಮೊದಲ ಗಾಜಿನ ಮೇಲೆ ಆಕೆಯ ಅಕ್ಷರಗಳು ಸೆಟೆದು ನಿಂತವು.

“ನೀ ಅಕ್ಷರ ಬರ್ಯಾಕತ್ತಿ,” ಎಂದರು ಹುಸೇನಪೀರ. “ಬರೀಬ್ಯಾಡ. ಬೆಳಕು ಅದರ ಹಿಂದ ನಿಂತೈತಿ. ಅದಕ್ಕ ಬಾಗಿಲಾ ತಗೀ, ಸಾಕು.”

ತಮ್ಮ ನಡುಗುವ ಕೈಯನ್ನು ಆಕೆಯ ಕೈಯ ಮೇಲಿಡದೆ ಗಾಳಿಯಲ್ಲೇ ಬಾಲ ಸುತ್ತಿ ತೋರಿಸುವರು. ಎಲ್ಲಿ ನಿಧಾನ, ಎಲ್ಲಿ ಬೇಗ. ಸೂಜಿ ಮುರಿದರೆ ನಗುವರು. ಕಾಸಿಂಬಿಯ ಗಾಜಿಗೆ ಬಂದಾಗ ಮಾತ್ರ ಒಳಗಿನಿಂದ ತಕರಾರು ಬಂತು: “ಈ ಸಲರ ಮೂಗು ಸಣ್ಣದು ಮಾಡವ್ವ.”

“ಇದ್ದಷ್ಟ ಇರಲಿ,” ಎಂದರು ಮುದುಕರು. “ಮೂಗು ಕಡಿಮಿ ಮಾಡಿದರ ಕೂಸು ನಿಂದು ಅಂತ ಯಾರಿಗೆ ಗೊತ್ತಾಗಬೇಕು?”

ಎಂಟನೆಯದು ಮುಗಿಯುವ ಹೊತ್ತಿಗೆ ಗುರುಸಿದ್ದವ್ವನ ಕೈ ಹಗುರಾಗಿತ್ತು. ಹದಿನೇಳು ಹಳೆಯ ಗಾಜುಗಳ ನಡುವೆ ಎಂಟು ಹೊಸವನ್ನು ಸೇರಿಸಿ ಸಂಗಯ್ಯನವರ ಮುಂದಿಟ್ಟಳು. ಹೊಸವು ಯಾವುವೆಂದು ಅವರು ಕಿಟಕಿಗೆ ಹಿಡಿದು ಹಿಡಿದು ನೋಡಿ ಮೂರನ್ನು ಸರಿಯಾಗಿ ಆರಿಸಿದರು, ಐದರಲ್ಲಿ ತಪ್ಪಿದರು. “ಈಗ ಇದರಾಗ ಇಳಕಲ್ಲೂ ಐತಿ, ನೀನೂ ಅದೀ,” ಎಂದರು. ಆಮೇಲೆ ದನಿ ತಗ್ಗಿಸಿ, “ಆದರೂ ಹದಿನೇಳ,” ಎಂದರು.

ಬೇರೆ ಎಂಟು ಮೂಲ ನಮೂನೆಗಳಿಗಾಗಿ ಆಕೆ ಉಳಿದ ದಿನಗಳಲ್ಲಿ ಶಿರೂರು, ಇಳಕಲ್ಲು, ಬಾದಾಮಿ ಸುತ್ತಿದಳು. ಸಿಕ್ಕಿದ ಒಂದೆರಡು ಹತ್ತು ವರ್ಷದ ಈಚಿನವು. ಊರಿಗೆ ಹೋದಾಗ ತಂದೆಗೆ ಎಲ್ಲ ಹೇಳಿದಳು. ಕಾಶಪ್ಪ ಲಾಳಿ ಹೊಡೆಯುವುದನ್ನು ನಿಲ್ಲಿಸದೆ ಕೇಳಿ, “ಆಡಿದ್ದು ಆಡಿದ್ದ. ಪಾಸಾದರ ಅಲ್ಲೆ ಇರು. ಇಲ್ಲಂದರ ಯುಗಾದಿಗೆ ಮನಿಗೆ ಬಾ,” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಪಕ್ಕದಲ್ಲಿ ಅವ್ವ ಒಂದು ಕೈಯಿಂದ ರಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಿಂದ ನೂಲು ಸುತ್ತುತ್ತಿದ್ದಳು.

ಮಾರ್ಚಿನ ಪರೀಕ್ಷೆಯ ದಿನ ಶಾಲೆಯ ಪಡಸಾಲೆಯಲ್ಲಿ ಎಲ್ಲರ ಕೆಲಸವನ್ನು ಸಾಲಾಗಿ ಇಟ್ಟಿದ್ದರು. ಗುರುಸಿದ್ದವ್ವ ತನ್ನ ಗಾಜುಗಳನ್ನು ಪೂರ್ವದ ಕಿಟಕಿಗೆ ಕಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲಿಸಿದ್ದಳು. ಬಿಸಿಲು ಬಂದರೆ ನೆಲದ ಮೇಲೆ ಬಣ್ಣದ ಅಕ್ಷರಗಳು ಬೀಳುತ್ತಿದ್ದವು. ಎಂಟರ ಕೆಳಗೆ ಆಕೆ ಬರೆದ ಚೀಟಿ: ‘ಮೂಲವು ನನ್ನ ಕೈಯಿಂದ ತೊಳೆದುಹೋಗಿದೆ. ಹುಸೇನಪೀರ ಅವರು ನೆನಪಿನಿಂದ ಹೇಳಿದಂತೆ ನಾನು ಬರೆದದ್ದು, ೧೯೮೩.’

ಹುಸೇನಪೀರ, ಕಾಸಿಂಬಿ ಇಬ್ಬರೂ ಬೆಳಗಿನ ಬಸ್ಸಿಗೆ ಬಂದಿದ್ದರು. ಪರೀಕ್ಷಕರು ಧಾರವಾಡದವರು, ಮೆತ್ತಗೆ ಮಾತಾಡುವ ಮನುಷ್ಯ. ಅಂಚುಗಳ ಕುರಿತು ಆಕೆ ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದರು. ಬಾದಾಮಿಯ ಬಳ್ಳಿಯ ಮುಂದೆ ಎರಡು ಸಲ ಬಂದು ನಿಂತರು. ಆಮೇಲೆ ಎಂಟೂ ಚೀಟಿಗಳನ್ನು ಓದಿದರು.

“ಇಷ್ಟು ಒಳ್ಳೆಯ ಶೋಧ ಈ ವರ್ಷ ನಾನು ನೋಡಿಲ್ಲ. ಆದರೆ ಲೆಕ್ಕಕ್ಕೆ ಹದಿನೇಳೇ ಬರುತ್ತವೆ. ಅಕ್ಟೋಬರಿನಲ್ಲಿ ಇನ್ನೆಂಟು ತಂದು ಮತ್ತೆ ಪರೀಕ್ಷೆಗೆ ಕೂಡಿರಿ.” ಅಂಕದ ಹಾಳೆಯಲ್ಲಿ ಆಕೆಯ ಸಾಲು ಖಾಲಿ ಬಿಟ್ಟು, ಸಂಗಯ್ಯನವರೊಂದಿಗೆ ಚಹಾಕ್ಕೆ ಎದ್ದರು.

ಪಡಸಾಲೆಯಲ್ಲಿ ಮೂವರೇ ಉಳಿದರು. ಹುಸೇನಪೀರರು ಕೋಲೂರುತ್ತ ಆಕೆಯ ಹತ್ತಿರ ಬಂದರು.

“ಮಗಳ, ಹಾಳಿ ಇನ್ನೂ ಖಾಲಿ ಐತಿ. ಅವರು ಬರೂದ್ರಾಗ ಆ ಚೀಟಿ ತಗದುಬಿಡು. ಹುಡಿಗಿ ಅಂಜಿ ಏನೋ ಬರದಾಳ, ಎಂಟೂ ನನ್ನ ಕೈಯಾವ ಅಂತ ನಾ ಹೇಳ್ತೇನಿ. ಬರದಾಂವ ನಾನ ಎದುರಿಗೆ ನಿಂತು ಹೇಳಿದರ ಯಾರು ಅಲ್ಲ ಅಂತಾರ? ನಿಮ್ಮ ಮಾಸ್ತರಿಗೆ ನಾ ಕೈ ಮುಗದು ಕೇಳ್ಕೋತೇನಿ, ಅವರು ಸುಮ್ಮನಿರ್ತಾರ.”

ಆಕೆ ಚೌಕಟ್ಟಿನಲ್ಲಿ ವಾರೆಯಾಗಿದ್ದ ಒಂದು ಗಾಜನ್ನು ನೆಟ್ಟಗೆ ಮಾಡಿದಳು.

“ಪೂರಾ ಸುಳ್ಳೂ ಅಲ್ಲದು,” ಎಂದು ಕಾಸಿಂಬಿ ದನಿಗೂಡಿಸಿದರು. “ಬಾಯಿ ಇವರದು, ಕೈ ಅಷ್ಟ ನಿಂದು. ಮೂಗು ನಂದು. ನಿಮ್ಮಪ್ಪ ಮನಿಗೆ ಬಾ ಅಂದಾನಂತ. ಒಂದು ಮಾತಿಲೆ ಉಳಿಯೂದು ಯಾಕ ಕಳಕೋತಿ?”

ಗುರುಸಿದ್ದವ್ವ ಕಿಟಕಿಯ ಕಡೆ ನೋಡಿದಳು. ಛಾಪಖಾನೆಯ ಮೇಜು, ಅವ್ವನ ರಟ್ಟೆ, ಯುಗಾದಿಗೆ ಉಳಿದ ದಿನಗಳು ಎಲ್ಲ ಒಮ್ಮೆಲೇ ಎದುರು ಬಂದವು. ಚೀಟಿಗಳನ್ನು ಹಚ್ಚಿದ್ದು ಬರೀ ಗುಂಡುಸೂಜಿಯಿಂದ. ಒಂದೊಂದನ್ನು ಎಳೆದರೆ ಬಂದುಬಿಡುತ್ತಿದ್ದವು.

“ಬ್ಯಾಡ್ರಿ ಅಜ್ಜಾರ,” ಎಂದಳು. “ನೀವು ಬರದದ್ದನ್ನ ನಾ ಒಂದು ಸಲ ತೊಳದೀನಿ. ನಾ ಬರದದ್ದರ ಮ್ಯಾಲೆ ನಿಮ್ಮ ಹೆಸರು ಹಾಕಿದರ ನಿಮ್ಮದನ್ನ ಎರಡನೇ ಸಲ ತೊಳದಂಗ ಆಗತೈತಿ. ಯುಗಾದಿಗೆ ಮನಿಗೆ ಹೋಗ್ತೇನಿ. ನೂಲು ಸುತಗೋತನ ಎಂಟು ಹುಡುಕ್ತೇನಿ.”

ಮುದುಕರು ಇನ್ನೇನೋ ಹೇಳಲು ಬಾಯಿ ತೆರೆದರು. ಆಕೆ ಅವರ ಕೋಲು ಇಸಿದುಕೊಂಡು ಗೋಡೆಗೆ ಆನಿಸಿ, ಕುರ್ಚಿ ಎಳೆದು, “ಕೂಡ್ರಿ, ಅವರು ಬರೂದಕ್ಕ ಇನ್ನೂ ಹೊತ್ತೈತಿ,” ಎಂದಳು.